ದೃಷ್ಟಿನಷ್ಟವೂ ಆಸರೆಯ ಮಾರ್ಗಗಳೂ

ನೇತ್ರವೈದ್ಯರು ತಮ್ಮ ಪರೀಕ್ಷೆಯನ್ನು ಮುಗಿಸಿ, ಹೋದ ದೃಷ್ಟಿಯು ಔಷಧದಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ ಇನ್ನು ಮರಳುವಂತಿಲ್ಲವೆಂದು ತಿಳಿಸಿದ ಗಳಿಗೆಯಿಂದ ಮೊದಲ್ಗೊಂಡು, ಆ ಮನುಷ್ಯನು ತನ್ನ ಮನೆಯಲ್ಲಿ ತನ್ನ ಕೈಯಾರೆ ಒಂದು ಲೋಟ ಕಾಫಿಯನ್ನು ಬಗ್ಗಿಸಿಕೊಳ್ಳುವ, ತನ್ನ ಬೀದಿಯನ್ನು ತಾನೇ ದಾಟುವ, ತನ್ನ ಹಣವನ್ನು ತಾನೇ ಎಣಿಸಿ ಕೊಡುವ ದಿನದವರೆಗೆ ಉರುಳುವ ಕಾಲವು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಯಾರ ಹೊಣೆಗೂ ಸೇರದೆ ಉಳಿದುಬಂದಿದೆ. ವೈದ್ಯರ ಕೆಲಸವು ಆ ಮೊದಲನೆಯ ಗಳಿಗೆಯಲ್ಲಿಯೇ ಮುಗಿಯುತ್ತದೆ; ಅಂಧರ ಪಾಠಶಾಲೆಗಳ ಬಾಗಿಲು ಐದಾರು ವರ್ಷದ ಮಗುವಿಗಾಗಿ ತೆರೆದಿರುತ್ತದೆಯೇ ಹೊರತು, ನಲವತ್ತೈದನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ಕಣ್ಣು ಕಳೆದುಕೊಂಡ ಗುಮಾಸ್ತನಿಗಾಗಿ ಅಲ್ಲ. ಈ ನಡುವಣ ಕಾಲದಲ್ಲಿ ಮನುಷ್ಯನಿಗೆ ಯಾವ ಆಸರೆಗಳು ದೊರೆಯುತ್ತವೆ, ಯಾವುವು ದೊರೆಯಬೇಕಾಗಿವೆ, ಯಾರ ಮಾತು ಅವನಿಗೆ ಹಿತವಾದೀತು ಎಂಬ ವಿಚಾರವನ್ನು ಒಟ್ಟಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2011ನೆಯ ಇಸವಿಯ ಜನಗಣತಿಯು ದೃಷ್ಟಿವೈಕಲ್ಯವುಳ್ಳವರು ಭಾರತದಲ್ಲಿ ಸುಮಾರು 50 ಲಕ್ಷ ಮಂದಿ ಇರುವರೆಂದು ಎಣಿಸಿತು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು 50 ವರ್ಷ ಮೀರಿದವರ ಅಂಧತ್ವದ ಕಾರಣಗಳನ್ನು ವಿಂಗಡಿಸಿದಾಗ, ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಕಣ್ಣಿನ ಪೊರೆಯೇ ಕಾರಣವೆಂದು ತಿಳಿದುಬಂದಿತು. ಪೊರೆಯನ್ನು ತೆಗೆಯಬಹುದು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಆರಂಭವಾದಂದಿನಿಂದ ಊರೂರಿನ ಶಿಬಿರಗಳಲ್ಲಿ ಅದನ್ನು ತೆಗೆಸಿಕೊಂಡು ಮತ್ತೆ ಬೆಳಕು ಕಂಡವರ ಸಂಖ್ಯೆ ಬಹು ದೊಡ್ಡದು. ಆ ಕಾರ್ಯದ ಪುಣ್ಯವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೆ ಆ ಯಶಸ್ಸಿನ ದೆಸೆಯಿಂದಲೇ, ಕಣ್ಣು ಮಂಜಾದರೆ ಆಪರೇಷನ್ ಮಾಡಿಸಿದರಾಯಿತು ಎಂಬ ನಂಬಿಕೆಯು ಜನಮನದಲ್ಲಿ ಬೇರೂರಿಬಿಟ್ಟು, ಆಪರೇಷನ್ನಿನಿಂದ ಸರಿಹೋಗದ ಕಣ್ಣುಳ್ಳವನು ತನ್ನ ಬಂಧುಗಳಿಗೆ ಒಂದು ಒಗಟಾಗಿ ಪರಿಣಮಿಸಿದ್ದಾನೆ.

ದೃಷ್ಟಿಯು ಹೋಗುವ ಬಗೆಗಳಾದರೂ ಒಂದೇ ಅಲ್ಲ. ಗ್ಲಾಕೋಮಾದಲ್ಲಿ ನೋಟದ ಅಂಚುಗಳು ಮೊದಲು ಸವೆಯುತ್ತವೆ. ಎದುರಿನ ಅಕ್ಷರವನ್ನು ಓದಬಲ್ಲವನು ಪಕ್ಕದ ಕಂಬಕ್ಕೆ ತಾಗಿ ಗಾಯಗೊಳ್ಳುತ್ತಾನೆ. ಅಕ್ಷಿಪಟಲದ ನಡುಭಾಗವು ಕ್ಷೀಣಿಸಿದವನು ಇದಕ್ಕೆ ತದ್ವಿರುದ್ಧವಾಗಿ, ಯಾರ ನೆರವೂ ಇಲ್ಲದೆ ಬೀದಿಯಲ್ಲಿ ನಡೆದುಹೋಗಬಲ್ಲನು, ಆದರೆ ಎದುರಿಗೆ ನಿಂತ ಮಗಳ ಮುಖವನ್ನು ಗುರುತಿಸಲಾರನು. ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಣ್ಣು ಒಂದು ದಿನ ಇದ್ದಂತೆ ಮತ್ತೊಂದು ದಿನ ಇರುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಅಕ್ಷಿಪಟಲದ ರೋಗವೊಂದು ಇರುಳುಗುರುಡಾಗಿ ಮೊದಲಾಗಿ, ವರ್ಷ ವರ್ಷಕ್ಕೂ ನೋಟದ ವಲಯವನ್ನು ಕಿರಿದುಗೊಳಿಸುತ್ತ ಸಾಗುತ್ತದೆ. ಸಂಜೆಯಾದೊಡನೆ ಮೆಟ್ಟಿಲು ತಡಕುವವನು ಮಧ್ಯಾಹ್ನ ಪತ್ರಿಕೆ ಓದುತ್ತಿದ್ದುದನ್ನು ಕಂಡ ನೆರೆಹೊರೆಯವರು ಅವನು ಸೋಗು ಹಾಕುತ್ತಿರುವನೆಂದು ಆಡಿಕೊಳ್ಳುವುದುಂಟು. ಈ ಸಂಶಯದ ನೋವು ದೃಷ್ಟಿನಷ್ಟದ ನೋವಿಗಿಂತ ಕಡಮೆಯಾದುದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆ ಬೇರೆಯಾಗಿ ನಿರೂಪಿಸಿ, ನೋಟದ ತೀಕ್ಷ್ಣತೆಯನ್ನು ಮಾತ್ರವಲ್ಲದೆ ನೋಟದ ವಿಸ್ತಾರವನ್ನೂ ಗಣನೆಗೆ ತಂದುಕೊಂಡಿದೆ. ಸಲಹೆ ನೀಡುವವನ ಪ್ರಥಮ ಕರ್ತವ್ಯವು, ನನ್ನ ಅಭಿಪ್ರಾಯದಲ್ಲಿ, ಉಳಿದಿರುವ ದೃಷ್ಟಿಯು ಎಂಥದು, ಅದರಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ರೋಗಿಗೂ ಅವನ ಮನೆಯವರಿಗೂ ಒಂದೇ ಸಲ, ಒಬ್ಬರ ಎದುರಿಗೆ ಒಬ್ಬರು ಕುಳಿತಿರುವಾಗ, ತಿಳಿಯಹೇಳುವುದು.

ನಮ್ಮ ದೇಶದಲ್ಲಿ ಅಂಧರ ಸೇವೆಯ ಚರಿತ್ರೆಯು ಮಕ್ಕಳಿಂದ ಪ್ರಾರಂಭವಾಯಿತು. 1887ರಲ್ಲಿ ಅಮೃತಸರದಲ್ಲಿ ತೆರೆದ ಶಾಲೆಯು ಮೊದಲನೆಯದು. ಮೈಸೂರು ಸಂಸ್ಥಾನದಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಹುಟ್ಟಿತು. ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರ ಕಡೆಗೆ ಸರ್ಕಾರದ ಗಮನವು ಹರಿಯುವುದಕ್ಕೆ ಎರಡನೆಯ ಮಹಾಯುದ್ಧವೇ ಬೇಕಾಯಿತು. ರಣರಂಗದಲ್ಲಿ ದೃಷ್ಟಿ ಕಳೆದುಕೊಂಡ ಯೋಧರಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ಒಂದು ವಸತಿಗೃಹವು ಸ್ಥಾಪಿತವಾಗಿ, 1950ರಲ್ಲಿ ಅದು ಭಾರತ ಸರ್ಕಾರದ ವಶಕ್ಕೆ ಬಂದು, ವಯಸ್ಕ ಅಂಧರ ತರಬೇತಿ ಕೇಂದ್ರವಾಯಿತು. ದೃಷ್ಟಿವಿಕಲರ ಇಂದಿನ ರಾಷ್ಟ್ರೀಯ ಸಂಸ್ಥೆಯು ಅದರಿಂದಲೇ ಬೆಳೆದುಬಂದುದು. ದೇಶಕ್ಕಾಗಿ ಕಣ್ಣು ಕೊಟ್ಟವನಿಗೆ ದೇಶವು ಋಣಿಯೆಂಬ ಭಾವನೆಯಿಂದ ಈ ಕಾರ್ಯ ನಡೆದುದು ನ್ಯಾಯವೇ. ಆದರೆ ಕಬ್ಬಿನ ಗದ್ದೆಯಲ್ಲಿ ಗರಿಯ ಅಲಗು ತಾಗಿ ಕಣ್ಣಿನಲ್ಲಿ ಹುಣ್ಣಾದ ರೈತನಿಗೂ, ಕಲ್ಲಿನ ಕ್ವಾರಿಯಲ್ಲಿ ಚೂರು ಸಿಡಿದ ಕೂಲಿಯವನಿಗೂ ನಾವು ಅಷ್ಟೇ ಋಣಿಗಳೆಂಬ ಭಾವನೆಯು ಇನ್ನೂ ಬಲಗೊಂಡಿಲ್ಲ.

ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ, ಸರ್ಕಾರದ ಯೋಜನೆಗಳು ಮೊಳೆಯುವುದಕ್ಕೆ ಎಷ್ಟೋ ಮೊದಲೇ ಗದುಗಿನಲ್ಲಿ ಒಂದು ಮಹತ್ತಾದ ಪ್ರಯೋಗವು ನಡೆದಿತ್ತು. ಹಾನಗಲ್ಲ ಕುಮಾರ ಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ತಾವು ಸ್ವತಃ ಕಣ್ಣಿಲ್ಲದವರಾಗಿದ್ದು, ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು, ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರಿಗೆ ಅನ್ನವನ್ನೂ ಸಂಗೀತವಿದ್ಯೆಯನ್ನೂ ಒಟ್ಟಿಗೆ ನೀಡಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು 2010ರವರೆಗೆ ನಡೆಸಿದರು. ಈ ಆಶ್ರಮದ ಹೆಗ್ಗಳಿಕೆಯು ಅಲ್ಲಿ ಪೋಷಣೆ ಪಡೆದವರ ಸಂಖ್ಯೆಯಲ್ಲಿ ಮಾತ್ರವೇ ಇಲ್ಲ. ಬಸವರಾಜ ರಾಜಗುರುಗಳಂತಹ ಕಣ್ಣುಳ್ಳ ಪ್ರತಿಭಾವಂತರು ಪಂಚಾಕ್ಷರಿ ಗವಾಯಿಗಳ ಪಾದಮೂಲದಲ್ಲಿ ಕುಳಿತು ಕಲಿತರು. ವೆಂಕಟೇಶ ಕುಮಾರರು ಪುಟ್ಟರಾಜ ಗವಾಯಿಗಳಿಂದ ಕಲಿತರು. ಕಣ್ಣಿಲ್ಲದವನು ದಾನವನ್ನು ಸ್ವೀಕರಿಸುವ ಪಾತ್ರನಾಗಿ ಮಾತ್ರವಲ್ಲ, ವಿದ್ಯೆಯನ್ನು ದಯಪಾಲಿಸುವ ಗುರುವಾಗಿ ಸಮಾಜದ ಎದುರಿಗೆ ನಿಂತುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎಷ್ಟು ಮನೆಗಳ ನಿರಾಶೆಯನ್ನು ತಗ್ಗಿಸಿರಬಹುದೆಂಬುದನ್ನು ಅಳೆಯುವ ಮಾನದಂಡವಿಲ್ಲ.

ದೃಷ್ಟಿ ಕಳೆದುಕೊಂಡವನಿಗೆ ಯಾವ ಬಗೆಯ ಉಪದೇಶವು ತಕ್ಕುದು ಎಂಬುದರಲ್ಲಿ ಬಲ್ಲವರೊಳಗೇ ಭಿನ್ನಾಭಿಪ್ರಾಯವುಂಟು. ಅಮೆರಿಕದಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರ ನಡುವೆ ಕೆಲಸ ಮಾಡಿದ ಥಾಮಸ್ ಕ್ಯಾರಲ್ ಎಂಬ ಪಾದ್ರಿಯು 1961ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಕಣ್ಣು ಹೋಗುವುದೆಂದರೆ ಒಂದು ನಷ್ಟವಲ್ಲ, ಇಪ್ಪತ್ತು ನಷ್ಟಗಳು ಎಂದು ಪಟ್ಟಿಮಾಡಿ, ಅವುಗಳಿಗಾಗಿ ಶೋಕಿಸಿದ ಬಳಿಕವೇ ಮನುಷ್ಯನು ಹೊಸದಾಗಿ ಬಾಳತೊಡಗುವನೆಂದು ಪ್ರತಿಪಾದಿಸಿದನು. ಅದೇ ದೇಶದಲ್ಲಿ, ಹುಟ್ಟಿನಿಂದಲೇ ಕಣ್ಣಿಲ್ಲದಿದ್ದು ಅಂಧರ ರಾಷ್ಟ್ರೀಯ ಒಕ್ಕೂಟದ ನಾಯಕನಾದ ಕೆನೆತ್ ಜರ್ನಿಗನ್ ಇದನ್ನು ಕಟುವಾಗಿ ವಿರೋಧಿಸಿ, ಅಂಧತ್ವವು ಮನುಷ್ಯನ ಅನೇಕ ಲಕ್ಷಣಗಳಲ್ಲಿ ಒಂದು ಮಾತ್ರವೆಂದೂ, ತಕ್ಕ ಶಿಕ್ಷಣವೂ ಅವಕಾಶವೂ ದೊರೆತರೆ ಅದು ಕೇವಲ ಅನನುಕೂಲದ ಮಟ್ಟಕ್ಕೆ ಇಳಿಯುವುದೆಂದೂ ವಾದಿಸಿದನು. ನಿನ್ನೆಯವರೆಗೆ ಕಂಡು ಇಂದು ಕಾಣದವನ ಹಾಸಿಗೆಯ ಬಳಿ ಕುಳಿತವರಿಗೆ ಕ್ಯಾರಲನ ಮಾತು ನಿಜವೆಂದು ತೋರುತ್ತದೆ. ಆದರೆ ಆ ಶೋಕವನ್ನೇ ಒಂದು ನಿಯಮವಾಗಿ ಮಾಡಿಕೊಂಡು, ಮನುಷ್ಯನನ್ನು ಅದರಲ್ಲಿಯೇ ಕೂರಿಸಿಬಿಡುವ ಅಪಾಯವನ್ನು ಜರ್ನಿಗನ್ ಸರಿಯಾಗಿ ಗುರುತಿಸಿದನು. ಮೊದಲ ತಿಂಗಳುಗಳಲ್ಲಿ ಅಳುವುದಕ್ಕೆ ಎಡೆಗೊಡಬೇಕು, ಮತ್ತು ಆ ತಿಂಗಳುಗಳಲ್ಲಿಯೇ ಕೈಗೆ ಬಿಳಿಕೋಲನ್ನೂ ಕೊಡಬೇಕು. ಒಂದು ಮುಗಿದ ಮೇಲೆ ಇನ್ನೊಂದೆಂದು ಕಾಯುವುದು ಯುಕ್ತವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಎರಡನ್ನೂ ಒಟ್ಟಿಗೆ ಕೊಡಬಲ್ಲವರು ಯಾರು? ಸ್ವತಃ ಆ ದಾರಿಯಲ್ಲಿ ನಡೆದು ಬಂದವರು. ಇಂಗ್ಲೆಂಡಿನಲ್ಲಿ ಥಾಮಸ್ ಆರ್ಮಿಟೇಜ್ ಎಂಬ ವೈದ್ಯನು ತನ್ನ ಕಣ್ಣು ಕುಂದಿದ್ದರಿಂದ ವೃತ್ತಿಯನ್ನು ಬಿಟ್ಟು, 1868ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದಾಗ, ಅಂಧರಿಗೆ ಯಾವ ಲಿಪಿ ಉತ್ತಮವೆಂಬುದನ್ನು ಬೆರಳಿನಿಂದ ಓದಬಲ್ಲವರೇ ನಿರ್ಣಯಿಸತಕ್ಕದ್ದೆಂದು ಹಟಹಿಡಿದನು. ಅಲ್ಲಿಯವರೆಗೆ ಕಣ್ಣುಳ್ಳ ದಾನಿಗಳು ತಮ್ಮ ಕಣ್ಣಿಗೆ ಅಂದವಾಗಿ ಕಂಡ ಉಬ್ಬಕ್ಷರಗಳನ್ನು ಅವರ ಮೇಲೆ ಹೇರುತ್ತಿದ್ದರು. ಹಾಗೆ ನಿರ್ಣಯಿಸಿದಾಗ ಗೆದ್ದುದು, ಮೂರನೆಯ ವಯಸ್ಸಿನಲ್ಲಿ ತಂದೆಯ ಜೀನುಗಾರಿಕೆಯ ಅಂಗಡಿಯಲ್ಲಿ ಕಣ್ಣಿಗೆ ಪೆಟ್ಟು ಮಾಡಿಕೊಂಡ ಲೂಯಿ ಬ್ರೈಲನು 1829ರಲ್ಲಿ ಪ್ರಕಟಿಸಿದ್ದ ಆರು ಚುಕ್ಕಿಗಳ ಲಿಪಿ. ಬೆಂಗಳೂರಿನಲ್ಲಿಯೂ ಇದಕ್ಕೆ ಹೋಲುವ ನಿದರ್ಶನಗಳುಂಟು. ಸ್ವತಃ ಕಣ್ಣಿಲ್ಲದ ಮಧು ಸಿಂಘಲ್ ಅವರು 1990ರಲ್ಲಿ ಮಿತ್ರ ಜ್ಯೋತಿಯನ್ನು ಸ್ಥಾಪಿಸಿದರು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಮಹಾಂತೇಶ ಕಿವಡಸಣ್ಣವರ ಅವರು ಗೆಳೆಯನೊಡನೆ 1997ರಲ್ಲಿ ಸಮರ್ಥನಂ ಸಂಸ್ಥೆಯನ್ನು ಕಟ್ಟಿದರು. ತಮ್ಮನ ದೃಷ್ಟಿಯು ಕ್ರಮೇಣ ನಶಿಸುತ್ತಿದ್ದುದನ್ನು ಕಂಡು ಅವನಿಗೆ ದಾರಿ ಹುಡುಕಹೊರಟ ಶಾಂತಿ ರಾಘವನ್ ಅವರ ಪ್ರಯತ್ನದಿಂದ 1999ರಲ್ಲಿ ಎನೇಬಲ್ ಇಂಡಿಯಾ ಹುಟ್ಟಿತು. ಇಂತಹ ಸಂಸ್ಥೆಗೆ ಮೊದಲ ಸಲ ಹೋದವನಿಗೆ ಅಲ್ಲಿಯ ಪಾಠಕ್ಕಿಂತ ಹೆಚ್ಚಾಗಿ, ತನ್ನಂತೆಯೇ ಕಾಣದವನೊಬ್ಬನು ಸರಸರನೆ ಮೆಟ್ಟಿಲಿಳಿದು ಬಂದು, ಬನ್ನಿ ಸರ್, ಎಂದು ಕೈಹಿಡಿದು ಕರೆದೊಯ್ಯುವುದೇ ದೊಡ್ಡ ಉಪದೇಶವಾಗುತ್ತದೆ.

ಮನೆಯ ವಿಚಾರವು ಹೆಚ್ಚು ಸೂಕ್ಷ್ಮವಾದುದು. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆ ಪ್ರೀತಿಯೇ ಅನೇಕ ವೇಳೆ ಬಂಧನವಾಗುತ್ತದೆ. "ಅಪ್ಪಾ, ನೀವು ಸುಮ್ಮನೆ ಕೂತ್ಕೊಳ್ಳಿ, ನಾನು ತಂದ್ಕೊಡ್ತೀನಿ" ಎಂದು ಮಗಳೂ, "ಒಲೆ ಹತ್ರ ಬರ್ಬೇಡಿ ಅತ್ತೆ" ಎಂದು ಸೊಸೆಯೂ ದಿನಕ್ಕೆ ಹತ್ತು ಸಲ ಹೇಳಿದರೆ, ನಾಲ್ಕು ದಶಕಗಳ ಕಾಲ ಮನೆ ನಡೆಸಿದವರು ಆರು ತಿಂಗಳಲ್ಲಿ ಒಂದು ಕುರ್ಚಿಗೆ ಸೇರಿಹೋಗುತ್ತಾರೆ. ಹೆಂಗಸರ ಪಾಡು ಇದರಲ್ಲಿ ಇನ್ನೂ ಕಷ್ಟ. ಅಡಿಗೆಮನೆಯ ಒಡೆತನ ತಪ್ಪಿದೊಡನೆ ಮನೆಯಲ್ಲಿ ತನ್ನ ಸ್ಥಾನವೇ ತಪ್ಪಿತೆಂದು ಅವರಿಗೆ ತೋರುವುದು ಸಹಜ. ಗಂಡಸಿಗೆ ತರಬೇತಿ ಕೊಡಿಸಲು ಬೆಂಗಳೂರಿಗೆ ಕಳುಹಿಸುವ ಮನೆಯವರು ಹೆಂಗಸನ್ನು ಕಳುಹಿಸಲು ಹಿಂದೆಗೆಯುವುದೂ ಕಂಡುಬರುವ ವಿಷಯವೇ.

ಮನೆಯವರು ಮಾಡಬೇಕಾದುದು ಬಹಳವಿಲ್ಲ, ಆದರೆ ತಪ್ಪದೆ ಮಾಡಬೇಕು. ಇಟ್ಟ ವಸ್ತುವನ್ನು ಇಟ್ಟಲ್ಲಿಯೇ ಇಡಬೇಕು. ಬಾಗಿಲನ್ನು ಅರ್ಧ ತೆರೆದು ಬಿಡಬಾರದು. ಕೋಣೆಗೆ ಬಂದಾಗ ಬಂದೆನೆಂದೂ ಹೋಗುವಾಗ ಹೋದೆನೆಂದೂ ಹೇಳಬೇಕು. ಹೊರಗೆ ಕರೆದೊಯ್ಯುವಾಗ ಹಿಂದಿನಿಂದ ತಳ್ಳುವುದಾಗಲಿ ರಟ್ಟೆ ಹಿಡಿದು ಎಳೆಯುವುದಾಗಲಿ ಸಲ್ಲದು. ತನ್ನ ಮೊಣಕೈಯನ್ನು ಅವರಿಗೆ ಹಿಡಿಯಗೊಟ್ಟು ತಾನು ಅರ್ಧ ಹೆಜ್ಜೆ ಮುಂದೆ ನಡೆದರೆ, ಮೆಟ್ಟಿಲಿನ ಏರಿಳಿತವು ಆ ಕೈಯಿಂದಲೇ ಅವರಿಗೆ ತಿಳಿಯುತ್ತದೆ. ಮಂದದೃಷ್ಟಿಯುಳ್ಳವರಿಗೆ ಬಣ್ಣಗಳ ವ್ಯತ್ಯಾಸವು ಪರಮೋಪಕಾರಿ. ಬಿಳಿಯ ತಟ್ಟೆಯಲ್ಲಿ ಬಡಿಸಿದ ಬಿಳಿಯ ಅನ್ನವೂ ಮೊಸರೂ ಅವರಿಗೆ ಕಾಣುವುದಿಲ್ಲ, ಕಡುಬಣ್ಣದ ತಟ್ಟೆಯಲ್ಲಿ ಕಾಣುತ್ತದೆ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣದ ಪಟ್ಟಿ ಬಳಿದರೆ ಬೀಳುವುದು ತಪ್ಪುತ್ತದೆ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಕಣ್ಣು ಕುಕ್ಕುವ ಬೆಳಕು ಪುಸ್ತಕದ ಮೇಲೆ ಬೀಳುವ ಬೆಳಕಾಗುತ್ತದೆ. ಹೊರಗಣ ಸಂಗತಿಗಳನ್ನು ವರ್ಣಿಸಿ ಹೇಳುವವರು ಹಸ್ತಿನಾವತಿಯ ಸಂಜಯನನ್ನು ನೆನೆಯಬೇಕು. ಅರಸನ ಮನಸ್ಸು ನೋಯುವುದೆಂದು ಅವನು ಕುರುಕ್ಷೇತ್ರದ ಒಂದು ವಾರ್ತೆಯನ್ನೂ ಮುಚ್ಚಿಡಲಿಲ್ಲ. ಬಂದ ಕಾಗದದಲ್ಲಿ ಸಾಲದ ನೋಟೀಸಿದ್ದರೆ ಅದನ್ನು ಓದಿ ಹೇಳುವುದೇ ಗೌರವ. ಮುಚ್ಚಿಡುವುದು ಅವರನ್ನು ಮನೆಯ ಹಿರಿತನದಿಂದ ಕೆಳಗಿಳಿಸಿದಂತೆ.

ಬಹು ಜನರಿಗೆ ತಿಳಿಯದಿರುವ ಮತ್ತೊಂದು ಸಂಗತಿಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು. 1760ರಲ್ಲಿ ಜಿನೀವಾದ ತತ್ತ್ವಜ್ಞನಾದ ಚಾರ್ಲ್ಸ್ ಬಾನೆ ಎಂಬುವನು, ಕಣ್ಣಿನ ಪೊರೆಯಿಂದ ದೃಷ್ಟಿ ಕುಂದಿದ್ದ ತನ್ನ ತಾತನು ಇಲ್ಲದ ಮನುಷ್ಯರನ್ನೂ ಹಕ್ಕಿಗಳನ್ನೂ ಗಾಡಿಗಳನ್ನೂ ಕಟ್ಟಡಗಳನ್ನೂ ಕಾಣುತ್ತಿದ್ದನೆಂದೂ, ಆದರೆ ಅವನ ಬುದ್ಧಿಯಲ್ಲಿ ಯಾವ ವಿಕಾರವೂ ಇರಲಿಲ್ಲವೆಂದೂ ಬರೆದಿಟ್ಟನು. ಕಣ್ಣಿನಿಂದ ಬರಬೇಕಾದ ವಾರ್ತೆಗಳು ನಿಂತುಹೋದಾಗ ಮಿದುಳಿನ ದೃಶ್ಯಭಾಗವು ತಾನಾಗಿಯೇ ಚಿತ್ರಗಳನ್ನು ಹುಟ್ಟಿಸಿಕೊಳ್ಳುವುದೇ ಇದಕ್ಕೆ ಕಾರಣವೆಂದು ಇಂದಿನ ವೈದ್ಯರ ಅಭಿಪ್ರಾಯ. ಇದು ವಿರಳವಾದುದಲ್ಲ, ವಿರಳವೆಂದು ತೋರುವುದು, ಕಂಡವರು ಬಾಯಿ ಬಿಡದಿರುವುದರಿಂದ. ಹುಚ್ಚೆಂದಾರೆಂಬ ಅಂಜಿಕೆಯಿಂದ ಕೆಲವರು ಮುಚ್ಚಿಡುತ್ತಾರೆ. ಹೇಳಿದ ಕೆಲವರನ್ನು, ಗಾಳಿ ಸೋಕಿದೆಯೆಂದು ಮಂತ್ರ ಹಾಕಿಸಲು ಕರೆದೊಯ್ಯುತ್ತಾರೆ. ಒಂಟಿಯಾಗಿ ಸಂಜೆಯ ಹೊತ್ತಿನಲ್ಲಿ ಕುಳಿತ ಮುದುಕಿಯೊಬ್ಬಳು ಅಂಗಳದಲ್ಲಿ ಬಣ್ಣದ ಸೀರೆಯುಟ್ಟವರ ಸಾಲನ್ನು ಕಂಡು ನಡುಗುತ್ತಿರುವಾಗ, "ಅಜ್ಜಿ, ಇದು ಕಣ್ಣಿನ ದೋಷದಿಂದ ಬರುವಂಥದು, ತಲೆ ಕೆಟ್ಟಿಲ್ಲ, ದಿನ ಕಳೆದಂತೆ ಕಡಮೆಯಾಗಲೂಬಹುದು" ಎಂಬ ಒಂದು ಮಾತು ಆಕೆಗೆ ಕೊಡುವ ನೆಮ್ಮದಿಯನ್ನು ಯಾವ ಗುಳಿಗೆಯೂ ಕೊಡಲಾರದು. ಈ ಒಂದು ಮಾತನ್ನು ನಮ್ಮ ಎಲ್ಲ ಕಣ್ಣಾಸ್ಪತ್ರೆಗಳಲ್ಲಿಯೂ ಮೊದಲೇ ಹೇಳಿ ಕಳುಹಿಸಬೇಕು. ಇದಲ್ಲದೆ ನಿಜವಾದ ಖಿನ್ನತೆಯೂ ದೃಷ್ಟಿನಷ್ಟದ ಬೆನ್ನುಹತ್ತಿ ಬರುತ್ತದೆ; ನಿದ್ರೆ ಊಟಗಳನ್ನು ತೊರೆದು, ಬದುಕಿದ್ದು ಏನು ಫಲ ಎನ್ನತೊಡಗಿದವರನ್ನು ಮನೋವೈದ್ಯರ ಬಳಿಗೆ ಕರೆದೊಯ್ಯುವುದರಲ್ಲಿ ತಡಮಾಡಲಾಗದು. ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಕ್ಕುಗಳ ವಿಷಯದಲ್ಲಿ ಸಲಹೆಯ ಕೊರತೆಯಿಂದ ಆಗುವ ಹಾನಿಯು ಅಪಾರ. ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಅಂಗವಿಕಲ ಪ್ರಮಾಣಪತ್ರವನ್ನೂ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡನ್ನೂ ಪಡೆದರೆ ಮಾಸಾಶನ, ಬಸ್ಸಿನ ಪಾಸು, ರೈಲಿನ ರಿಯಾಯಿತಿ, ಮೀಸಲಾತಿ ಮುಂತಾದುವೆಲ್ಲಕ್ಕೂ ದಾರಿಯಾಗುತ್ತದೆ. ಆದರೂ ಎಷ್ಟೋ ಮಂದಿ ಅದನ್ನು ಮಾಡಿಸುವುದಿಲ್ಲ. ಅದನ್ನು ಕೈಗೆ ತೆಗೆದುಕೊಂಡೊಡನೆ ತಮ್ಮ ಕಣ್ಣು ಹೋದುದು ಮುದ್ರೆಯೊತ್ತಿ ಸ್ಥಿರವಾದಂತಾಗುವುದೆಂಬ ಸಂಕಟವೂ, ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯೂ ಅವರನ್ನು ತಡೆಯುತ್ತವೆ. ಇವರನ್ನು ಹಳಿಯಲಾಗದು, ಇನ್ನೊಬ್ಬ ದೃಷ್ಟಿಹೀನನು ತನ್ನ ಕಾರ್ಡಿನಿಂದ ತನಗಾದ ಪ್ರಯೋಜನವನ್ನು ಹೇಳಿದರೆ ಅವರ ಮನಸ್ಸು ತಿರುಗೀತು. ಇದಕ್ಕಿಂತ ದುಃಖಕರವಾದುದು ಕೆಲಸ ಬಿಡುವವರ ಸ್ಥಿತಿ. ಸರ್ಕಾರಿ ಸೇವೆಯಲ್ಲಿರುವಾಗ ವೈಕಲ್ಯವುಂಟಾದ ನೌಕರನನ್ನು ಕೆಲಸದಿಂದ ತೆಗೆಯುವುದಾಗಲಿ ಕೆಳದರ್ಜೆಗೆ ಇಳಿಸುವುದಾಗಲಿ ಕೂಡದೆಂದೂ, ಇದ್ದ ಹುದ್ದೆಗೆ ಅವನು ತಕ್ಕವನಲ್ಲವಾದರೆ ಅದೇ ಸಂಬಳದ ಬೇರೆ ಹುದ್ದೆಗೆ ವರ್ಗಾಯಿಸಬೇಕೆಂದೂ, ಅಂಥದು ಇಲ್ಲದಿದ್ದರೆ ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಅವನಿಗಾಗಿ ಹೆಚ್ಚುವರಿ ಹುದ್ದೆಯೊಂದನ್ನು ಸೃಷ್ಟಿಸಿ ಇರಿಸಿಕೊಳ್ಳಬೇಕೆಂದೂ 2016ರ ಅಧಿನಿಯಮದ 20ನೆಯ ಪ್ರಕರಣವು ವಿಧಿಸುತ್ತದೆ. ಇದಕ್ಕೆ ಹಿಂದಿನ 1995ರ ಕಾನೂನಿನಲ್ಲಿಯೂ ಈ ರಕ್ಷಣೆಯಿತ್ತು. ಇದನ್ನು ಅರಿಯದ ಉಪಾಧ್ಯಾಯನು, ಮಕ್ಕಳ ಮುಂದೆ ತಡವರಿಸುವುದಕ್ಕೆ ನಾಚಿ, ಹಿತೈಷಿಗಳ ಮಾತಿಗೆ ಒಪ್ಪಿ ರಾಜೀನಾಮೆ ಬರೆದುಕೊಟ್ಟರೆ, ಒಂದು ಹಾಳೆಯ ಮೇಲಣ ಆ ಸಹಿಯಿಂದ ಇಡೀ ಕುಟುಂಬದ ಬಾಳು ಕುಸಿಯುತ್ತದೆ. ದೃಷ್ಟಿ ಕುಂದುತ್ತಿರುವ ಯಾವ ಸರ್ಕಾರಿ ನೌಕರನೂ ಈ ಪ್ರಕರಣವನ್ನು ಓದಿಸಿಕೊಳ್ಳುವ ಮೊದಲು ಯಾವ ಕಾಗದಕ್ಕೂ ಸಹಿ ಹಾಕದಿರಲಿ.

ಓದುಬರಹದ ಸಾಧನಗಳ ವಿಷಯದಲ್ಲಿ ನಮ್ಮ ಕಾಲವು ಭಾಗ್ಯಶಾಲಿಯಾದುದು. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲಿನಿಂದ ಕನ್ನಡವೂ ಇತರ ಭಾರತೀಯ ಭಾಷೆಗಳೂ ಒಂದೇ ಧ್ವನಿಗೆ ಬಹುಮಟ್ಟಿಗೆ ಒಂದೇ ಚುಕ್ಕಿಗಳನ್ನು ಪಡೆದವು. ವಯಸ್ಸಾದ ಮೇಲೆ ಬ್ರೈಲ್ ಕಲಿಯುವುದು ಕಷ್ಟ. ಅದರಲ್ಲಿಯೂ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದವರಲ್ಲಿ ಅನೇಕರಿಗೆ ಅದೇ ಕಾಯಿಲೆಯಿಂದ ಬೆರಳ ತುದಿಯ ಸ್ಪರ್ಶಜ್ಞಾನವೂ ಮಂದವಾಗಿರುತ್ತದೆ. ಅಂಥವರಿಗೆ ಮಾತನಾಡುವ ಯಂತ್ರಗಳೇ ದಾರಿ. ಆಸ್ಟ್ರೇಲಿಯದ ಇಬ್ಬರು ದೃಷ್ಟಿಹೀನ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶವು ಕಂಪ್ಯೂಟರಿನ ತೆರೆಯನ್ನು ಓದಿಹೇಳುತ್ತದೆ, ಅದಕ್ಕೆ ಬೆಲೆಯಿಲ್ಲ. ಸಾಮಾನ್ಯ ಮೊಬೈಲು ಕೂಡ ಈಗ ಕನ್ನಡವನ್ನು ಓದಿ ನುಡಿಯಬಲ್ಲದು. ಅಂಧರ ಓದಿಗಾಗಿ ಪುಸ್ತಕಗಳ ಹಕ್ಕುಸ್ವಾಮ್ಯವನ್ನು ಸಡಿಲಿಸುವ 2013ರ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊತ್ತಮೊದಲು ಸ್ಥಿರೀಕರಿಸಿದ ದೇಶ ಭಾರತವೆಂಬುದು ನಾವು ಹೆಮ್ಮೆಪಡತಕ್ಕ ವಿಷಯ. ಅಂಧರು ಓದಬಲ್ಲ ರೂಪಕ್ಕೆ ಪುಸ್ತಕಗಳನ್ನು ಪರಿವರ್ತಿಸುವುದಕ್ಕೆ ಪ್ರಕಾಶಕರ ಅಪ್ಪಣೆ ಬೇಡವಾದುದರಿಂದ, 2016ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಆನ್‌ಲೈನ್ ಗ್ರಂಥಾಲಯವೂ ತೆರೆಯಿತು. ಇಷ್ಟಾದರೂ ಕನ್ನಡಿಗನಿಗೆ ಒಂದು ವಿಘ್ನ ಉಳಿದಿದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳನ್ನು ಈ ಯಂತ್ರಗಳು ಅರ್ಥವಿಲ್ಲದ ಗದ್ದಲವಾಗಿ ಓದುತ್ತವೆ; ಚಿತ್ರರೂಪದಲ್ಲಿ ಹೊರಡುವ ಸುತ್ತೋಲೆಗಳ ಮುಂದೆ ಅವು ಮೂಕವಾಗುತ್ತವೆ. ದೃಷ್ಟಿಹೀನರ ಹಿತಕ್ಕಾಗಿ ಹೊರಡಿಸಿದ ಆದೇಶವನ್ನೇ ದೃಷ್ಟಿಹೀನನು ಓದಲಾರದ ಸ್ಥಿತಿಯನ್ನು, ಕಚೇರಿಗಳು ಮನಸ್ಸು ಮಾಡಿದರೆ ಒಂದು ವರ್ಷದೊಳಗೆ ನಿವಾರಿಸಬಹುದು.

ಹೋದ ಕಣ್ಣನ್ನು ತಂದುಕೊಡುವೆವೆಂಬ ಜಾಹೀರಾತುಗಳ ಬಗ್ಗೆ ಎರಡು ಮಾತು ಸಾಕು. 2017ರಲ್ಲಿ ಅಮೆರಿಕದಲ್ಲಿ ಮಂಜೂರಾದ ವಂಶವಾಹಿ ಚಿಕಿತ್ಸೆಯು ನಿಜವಾದುದೇ, ಆದರೆ ಅದು ಒಂದು ನಿರ್ದಿಷ್ಟ ವಂಶವಾಹಿಯ ದೋಷಕ್ಕೆ ಮಾತ್ರ. ಅದರ ಹೆಸರನ್ನು ನೆವಮಾಡಿಕೊಂಡು ಯಾವ ಕಣ್ಣನ್ನಾದರೂ ಗುಣಪಡಿಸುವೆನೆನ್ನುವವನ ಕೈಗೆ ಹೊಲ ಮಾರಿದ ಹಣವನ್ನು ಸುರಿಯುವ ಮೊದಲು, ದೊಡ್ಡ ಕಣ್ಣಾಸ್ಪತ್ರೆಯೊಂದರಲ್ಲಿ ಎರಡನೆಯ ಅಭಿಪ್ರಾಯವನ್ನು ಕೇಳುವುದು ವಿಹಿತ.

ನಗರದಲ್ಲಿರುವವನು ಹೇಗಾದರೂ ಒಂದು ಸಂಸ್ಥೆಯ ವಿಳಾಸವನ್ನು ಸಂಪಾದಿಸುತ್ತಾನೆ. ಯಾದಗಿರಿಯ ಅಥವಾ ಚಾಮರಾಜನಗರದ ಒಂದು ಹಳ್ಳಿಯವನಿಗೆ ಹತ್ತಿರವಿರುವ ಆಸರೆಯೆಂದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಅಲ್ಪ ಗೌರವಧನಕ್ಕೆ ದುಡಿಯುವ ಈ ಜನರಲ್ಲಿ ಅನೇಕರು ಸ್ವತಃ ಅಂಗವಿಕಲರು. ಅರ್ಜಿ ಬರೆಸುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಮಾಸಾಶನ ನಿಂತರೆ ಕಚೇರಿಗೆ ಅಲೆಯುವುದು ಇವೆಲ್ಲವೂ ಅವರ ಪಾಲಿಗೆ ಬಂದಿವೆ. ಅವರಿಗೆ ಬಿಳಿಕೋಲಿನ ನಡಿಗೆಯನ್ನು ಕಲಿಸುವ ಪರಿಣತಿಯನ್ನೂ, ಮೊಬೈಲಿನ ಓದುವ ಸೌಲಭ್ಯವನ್ನು ತೋರಿಸಿಕೊಡುವ ತರಬೇತಿಯನ್ನೂ, ಅದಕ್ಕೆ ತಕ್ಕ ಸಂಬಳವನ್ನೂ ಕೊಟ್ಟರೆ ಹೊಸ ಇಲಾಖೆಯೊಂದನ್ನು ಕಟ್ಟುವ ಅವಶ್ಯಕತೆಯೇ ಇರದು.

ಇನ್ನು ಆಸ್ಪತ್ರೆಯ ಕಡೆಗೆ ಬರುವುದಾದರೆ, ಬ್ರಿಟನ್ನಿನ ಅನೇಕ ಕಣ್ಣಾಸ್ಪತ್ರೆಗಳಲ್ಲಿ ವೈದ್ಯರ ಕೋಣೆಯಿಂದ ಹೊರಬಂದ ರೋಗಿಯನ್ನು ಕೂರಿಸಿಕೊಂಡು ಮಾತನಾಡಿಸುವುದಕ್ಕೆಂದೇ ಒಬ್ಬ ಸಂಪರ್ಕಾಧಿಕಾರಿಯಿರುತ್ತಾನೆ. ಅವನು ಔಷಧ ಬರೆಯುವುದಿಲ್ಲ. ವೈದ್ಯರು ಹೇಳಿದುದು ಅರ್ಥವಾಯಿತೇ ಎಂದು ಕೇಳುತ್ತಾನೆ, ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸುತ್ತಾನೆ, ಪ್ರಮಾಣಪತ್ರ, ತರಬೇತಿ, ಉದ್ಯೋಗಗಳ ದಾರಿಯನ್ನು ತೋರಿಸುತ್ತಾನೆ. ನಮ್ಮ ಪ್ರತಿಯೊಂದು ಜಿಲ್ಲಾಸ್ಪತ್ರೆಯ ನೇತ್ರವಿಭಾಗದಲ್ಲಿಯೂ ಅಂತಹ ಒಂದು ಮೇಜನ್ನು ಹಾಕಿಸಿ, ಸಾಧ್ಯವಾದಲ್ಲೆಲ್ಲ ದೃಷ್ಟಿ ಕಳೆದುಕೊಂಡು ಮತ್ತೆ ಬಾಳನ್ನು ಕಟ್ಟಿಕೊಂಡವರೊಬ್ಬರನ್ನೇ ಸಂಬಳದ ಮೇಲೆ ಅಲ್ಲಿ ನೇಮಿಸಿ, ಊರಿಗೆ ಮರಳುವ ರೋಗಿಯ ಹೆಸರನ್ನು ಅವನ ಒಪ್ಪಿಗೆಯ ಮೇರೆಗೆ ಅವನ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತನಿಗೆ ಅದೇ ವಾರದಲ್ಲಿ ತಿಳಿಸುವ ಏರ್ಪಾಡನ್ನು ಅಂಗವಿಕಲರ ಸಬಲೀಕರಣದ ಇಲಾಖೆಯೂ ಆರೋಗ್ಯ ಇಲಾಖೆಯೂ ಕೂಡಿ ಮಾಡಬೇಕು. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಒಂದು ಜಿಲ್ಲೆಗೆ ಒಬ್ಬರ ಸಂಬಳ, ಒಂದು ದೂರವಾಣಿ, ಎರಡು ಕುರ್ಚಿ ಸಾಕು, ಮತ್ತು ರೋಗಿಯ ಜೊತೆಯಲ್ಲಿ ಬಂದ ಮಗನಿಗೋ ಹೆಂಡತಿಗೋ ಮೂರನೆಯದೊಂದು ಕುರ್ಚಿ.